ಗಡ್ಡೆಯ ಊರು



ಬಸ್ಸಿನಲ್ಲಿ ಪಕ್ಕ ಕೂತವರ ಹೆಸರು ತಿಳಿಯುವ ಮೊದಲೇ ‘ಯಾವೂರಾಯ್ತು?’ ಎಂದು ಕೇಳುವ ಜನ ನಾವು. ಊರು ಗೊತ್ತಾದರೆ ಮುಂದಿನ ಮಾತಿಗೆ ದಾರಿ ಸಿಗುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮಾಡಿದ ಕೆಲಸವೂ ಹೆಚ್ಚುಕಡಿಮೆ ಇದೇ. ನಾನು ಪೆಥಾಲಜಿಸ್ಟ್. ರೋಗಿಯ ನಾಡಿ ಹಿಡಿದವಳಲ್ಲ, ಮುಖ ನೋಡಿದ್ದೂ ಕಡಿಮೆ. ಅವರ ಮೈಯಿಂದ ತೆಗೆದ, ಅಕ್ಕಿಕಾಳಿಗಿಂತ ಸಣ್ಣ ಚೂರು ನನ್ನ ಮೇಜಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಅಚ್ಚು ಹಾಕಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎರಡು ಪ್ರಶ್ನೆ ಕೇಳುತ್ತೇನೆ. ನೀನು ಕ್ಯಾನ್ಸರ್ ಹೌದೋ ಅಲ್ಲವೋ? ಹೌದಾದರೆ ನಿನ್ನ ಊರು ಯಾವುದು? ಋಷಿಮೂಲ, ನದೀಮೂಲ ಕೇಳಬಾರದು ಎನ್ನುತ್ತಾರೆ. ಗಡ್ಡೆಯ ಮೂಲವನ್ನು ಮಾತ್ರ ಕೇಳದೆ ಬಿಡುವಂತಿಲ್ಲ. ಆ ಎರಡನೆಯ ಪ್ರಶ್ನೆಗೆ ನಾನೊಮ್ಮೆ ತಪ್ಪು ಉತ್ತರ ಬರೆದೆ. ಇವತ್ತಿನ ಉಪನ್ಯಾಸ ಆ ತಪ್ಪಿನಿಂದ ಹುಟ್ಟಿದ್ದು.

ಈ ಉಪನ್ಯಾಸದ ದತ್ತಿ ಒಬ್ಬ ವಿಜ್ಞಾನದ ಮೇಷ್ಟರ ನೆನಪಿಗಾಗಿ ಅವರ ಮಗಳು ಇಟ್ಟದ್ದು. ವಿಷಯ ವಿಜ್ಞಾನದ್ದಾಗಿರಬೇಕು, ಮಾತು ಕನ್ನಡದಲ್ಲಿರಬೇಕು ಎಂಬ ಎರಡೇ ಷರತ್ತು. ಎರಡನೆಯ ಷರತ್ತು ಸುಲಭವೆಂದುಕೊಂಡು ಒಪ್ಪಿದೆ. ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ತಡೆಯಾಯಿತು. ಲಿವರ್ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಯಕೃತ್ತು ಎಂದಿದೆ, ಪಿತ್ತಜನಕಾಂಗ ಎಂದೂ ಇದೆ. ಹಳ್ಳಿಯ ಕಡೆ ಎಷ್ಟೋ ಜನ ಪಿತ್ತಕೋಶ ಎನ್ನುತ್ತಾರೆ. ಆದರೆ ಪಿತ್ತಕೋಶವೆಂದರೆ ಲಿವರ್‌ನ ಕೆಳಗೆ ಪಿತ್ತರಸವನ್ನು ಕೂಡಿಟ್ಟುಕೊಳ್ಳುವ ಪುಟ್ಟ ಚೀಲ. ಅದು ಬೇರೆಯೇ ಅಂಗ. ಇನ್ನು ಜಠರ. ಉಂಡ ಅನ್ನ ಮೊದಲು ಹೋಗಿ ಕೂರುವ ಆ ಚೀಲವನ್ನು ನಾವು ಹೊಟ್ಟೆ ಅಂದುಬಿಡುತ್ತೇವೆ. ಎದೆಯ ಕೆಳಗಿಂದ ತೊಡೆಯ ಮೇಲಿನವರೆಗೆ ಇರುವುದೆಲ್ಲವೂ ನಮಗೆ ಹೊಟ್ಟೆಯೇ. ‘ಹೊಟ್ಟೆ ಕ್ಯಾನ್ಸರ್’ ಎಂದರೆ ಜಠರದ್ದೋ, ಕರುಳಿನದೋ, ಅಂಡಾಶಯದ್ದೋ? ಗೊತ್ತಾಗುವುದಿಲ್ಲ. ಮನೆಮನೆಗೂ ಗೊತ್ತಿರುವ ಇನ್ನೊಂದು ಮಾತು ‘ಗ್ಯಾಸ್ಟ್ರಿಕ್’. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಕೆಲವೊಮ್ಮೆ ಹೃದಯದ ನೋವು ಕೂಡ, ಎಲ್ಲವೂ ಗ್ಯಾಸ್ಟ್ರಿಕ್. ಔಷಧಿ ಅಂಗಡಿಯಿಂದ ತಂದ ಮಾತ್ರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು. ಹೀಗೆ ವರ್ಷಗಟ್ಟಲೆ. ಪದಗಳ ಈ ಗೋಜಲನ್ನು ಸುಮ್ಮನೆ ಹೇಳುತ್ತಿಲ್ಲ. ನಾನು ಹೇಳಲಿರುವ ಕಾಯಿಲೆಯಲ್ಲಿ ಜಠರ ಮತ್ತು ಯಕೃತ್ತು ಒಂದರೊಳಗೊಂದು ಕಲಸಿಹೋಗುತ್ತವೆ, ಹಾಗಾಗಿ ಅವೆರಡನ್ನು ಇಲ್ಲಿ ಬೇರೆ ಬೇರೆ ಹೆಸರಿನಿಂದಲೇ ಕರೆಯುತ್ತೇನೆ.

ನಾನು ತಪ್ಪು ಉತ್ತರ ಬರೆದದ್ದು ಒಬ್ಬ ಅಡಿಕೆ ಬೆಳೆಗಾರರ ವಿಷಯದಲ್ಲಿ. ವಯಸ್ಸು ಅರವತ್ತರ ಹತ್ತಿರ. ಐದಾರು ತಿಂಗಳಿಂದ ಊಟ ಸೇರುತ್ತಿರಲಿಲ್ಲ, ಪಂಚೆ ಸಡಿಲವಾಗುತ್ತಿತ್ತು, ತೋಟದ ಏರು ಹತ್ತುವಾಗ ಏದುಸಿರು. ಬಲಗಡೆ ಪಕ್ಕೆಯ ಕೆಳಗೆ ಭಾರವೆನಿಸಿದಾಗ ಆಸ್ಪತ್ರೆಗೆ ಬಂದರು. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಗಡ್ಡೆಗಳು ಕಂಡವು. ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ವಸ್ತು ಎಂಟು ಸಾವಿರ ದಾಟಿತ್ತು. ಆರೋಗ್ಯವಂತ ವಯಸ್ಕರಲ್ಲಿ ಅದು ಮಿಲಿಲೀಟರಿಗೆ 10 ನ್ಯಾನೋಗ್ರಾಂನೊಳಗೆ ಇರುತ್ತದೆ. ಸೂಜಿ ಹಾಕಿ ಯಕೃತ್ತಿನ ಗಡ್ಡೆಯಿಂದ ಚೂರು ತೆಗೆದು ನನಗೆ ಕಳಿಸಿದರು. ಜೊತೆಗಿದ್ದ ಕಾಗದದಲ್ಲಿ ‘ಯಕೃತ್ತಿನ ಕ್ಯಾನ್ಸರ್ ಇರಬೇಕು, ಖಚಿತಪಡಿಸಿ’ ಎಂದಿತ್ತು.

ಸ್ಲೈಡಿನಲ್ಲಿ ಕಂಡದ್ದು ಅಕ್ಷರಶಃ ಅದೇ. ದೊಡ್ಡ ದೊಡ್ಡ ಬಹುಭುಜ ಕೋಶಗಳು, ಒಳಗೆ ಗುಲಾಬಿ ಬಣ್ಣ ತುಂಬಿಕೊಂಡವು. ಅಡಿಕೆ ತೋಟದ ಸಾಲುಗಳ ನಡುವೆ ಬಸಿಗಾಲುವೆ ಹರಿದಂತೆ, ಕೋಶಗಳ ಸಾಲು, ನಡುವೆ ಸಣ್ಣ ರಕ್ತನಾಳ, ಮತ್ತೆ ಸಾಲು. ಯಕೃತ್ತಿನ ಕೋಶವನ್ನು ಗುರುತಿಸುವ ಹೆಪ್‌ಪಾರ್-1 ಎಂಬ ವಿಶೇಷ ಬಣ್ಣ ಹಾಕಿಸಿದೆ. ಕೋಶಗಳು ಕಂದು ತಿರುಗಿದವು. ಸ್ಕ್ಯಾನ್ ಹೌದೆಂದಿತು, ರಕ್ತ ಹೌದೆಂದಿತು, ಸ್ಲೈಡ್ ಹೌದೆಂದಿತು. ‘ಹೆಪಟೋಸೆಲ್ಯುಲರ್ ಕಾರ್ಸಿನೋಮ’, ಅಂದರೆ ಯಕೃತ್ತಿನ ಸ್ವಂತ ಕೋಶದಿಂದ ಹುಟ್ಟಿದ ಕ್ಯಾನ್ಸರ್, ಎಂದು ಬರೆದು ಸಹಿ ಮಾಡಿದೆ.

ಆ ಕಾಗದದಲ್ಲೇ ಇನ್ನೂ ಎರಡು ಸಾಲುಗಳಿದ್ದವು. ರೋಗಿ ಕುಡಿಯುವವರಲ್ಲ, ಹೆಪಟೈಟಿಸ್ ಬಿ ಮತ್ತು ಸಿ ಎರಡೂ ಇಲ್ಲ. ಹಿಮೋಗ್ಲೋಬಿನ್ 7. ನಾನು ಅವನ್ನು ಓದಿದ್ದೆ, ಆದರೆ ಕೇಳಿಸಿಕೊಂಡಿರಲಿಲ್ಲ.

ಯಕೃತ್ತಿನ ಕ್ಯಾನ್ಸರ್ ಸಾಮಾನ್ಯವಾಗಿ ಹಸನಾದ ನೆಲದಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕುಡಿತ, ಈಚೆಗೆ ಹೆಚ್ಚುತ್ತಿರುವ ಕೊಬ್ಬಿನ ಲಿವರ್, ಇವುಗಳಿಂದ ವರ್ಷಾನುಗಟ್ಟಲೆ ಗಾಯಗೊಂಡು, ಮಾದು, ಗಂಟುಗಟ್ಟಿದ ಯಕೃತ್ತಿನಲ್ಲಿ ಅದು ಮೊಳೆಯುವುದೇ ಹೆಚ್ಚು. ಆ ಗಂಟುಗಟ್ಟಿದ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ. ಈ ಗಾಢ ನಂಟಿನಿಂದಾಗಿ ವೈದ್ಯಶಾಸ್ತ್ರ ಈ ಕ್ಯಾನ್ಸರ್‌ಗೆ ಒಂದು ಅಪರೂಪದ ವಿನಾಯಿತಿ ಕೊಟ್ಟಿದೆ. ಸಿರೋಸಿಸ್ ಇರುವವರಲ್ಲಿ, ಸ್ಕ್ಯಾನಿನ ಲಕ್ಷಣ ಸ್ಪಷ್ಟವಾಗಿದ್ದರೆ, ಚೂರು ತೆಗೆದು ನೋಡದೆಯೂ ಕ್ಯಾನ್ಸರ್ ಎಂದು ತೀರ್ಮಾನಿಸಬಹುದು. ಆ ಲಕ್ಷಣದ ಹಿಂದಿರುವ ಕಾರಣ ಸೊಗಸಾದದ್ದು. ಯಕೃತ್ತಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಜಠರ, ಕರುಳುಗಳಿಂದ ಪೋರ್ಟಲ್ ಅಭಿಧಮನಿಯಲ್ಲಿ, ಕಾಲು ಪಾಲು ನೇರವಾಗಿ ಅಪಧಮನಿಯಲ್ಲಿ. ಗಡ್ಡೆಯಾದರೋ ಅಪಧಮನಿಗೇ ಬಾಯಿ ಹಚ್ಚಿರುತ್ತದೆ. ಹಾಗಾಗಿ ಸ್ಕ್ಯಾನಿಗೆಂದು ತೋಳಿಗೆ ಚುಚ್ಚಿದ ಔಷಧ ಅಪಧಮನಿಗೆ ತಲುಪಿದ ಕ್ಷಣ ಗಡ್ಡೆ ಬೆಳಗುತ್ತದೆ, ತುಸು ಹೊತ್ತಿನ ಮೇಲೆ ಸುತ್ತಲ ಯಕೃತ್ತು ಬೆಳಗಿದಾಗ ಗಡ್ಡೆ ಮಸುಕಾಗುತ್ತದೆ.

ವಿನಾಯಿತಿ ಇರುವುದು ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಿಗೆ. ಅವೆರಡೂ ಇಲ್ಲದ ನಯವಾದ ಯಕೃತ್ತಿನಲ್ಲಿ ಅದೇ ಬೆಳಕು, ಅದೇ ಮಸುಕು ಕಂಡರೆ ‘ಇದು ಇಲ್ಲಿಯದೇ?’ ಎಂದು ಕೇಳಬೇಕು. ಏಕೆಂದರೆ ಯಕೃತ್ತು ಅತಿಥಿಗಳು ಬಂದಿಳಿಯುವ ಮನೆ. ಜಠರದ ರಕ್ತ ಮೊದಲು ಹೋಗುವುದೇ ಅಲ್ಲಿಗೆ. ಜಠರದ ಗಡ್ಡೆಯಿಂದ ಕಳಚಿಕೊಂಡ ಕೋಶಗಳಿಗೆ ಅದು ರಾಜಮಾರ್ಗ.

ನನ್ನನ್ನು ದಾರಿ ತಪ್ಪಿಸಿದ ಆಲ್ಫಾ ಫೀಟೋಪ್ರೋಟೀನ್‌ನ ಕಥೆಯನ್ನು ಸ್ವಲ್ಪ ವಿರಾಮವಾಗಿ ಹೇಳಬೇಕು. ಇನ್ನು ಮುಂದೆ ಇದನ್ನು ಎಎಫ್‌ಪಿ ಎನ್ನುತ್ತೇನೆ. ಲ್ಯಾಬಿನ ರಿಪೋರ್ಟಿನಲ್ಲಿ ನೀವು ನೋಡುವುದೂ ಅದನ್ನೇ. 1956ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ ಮತ್ತು ಜಾರ್ ಎಂಬವರು ಗರ್ಭಸ್ಥ ಶಿಶುವಿನ ರಕ್ತದಲ್ಲಿ, ದೊಡ್ಡವರಲ್ಲಿ ಕಾಣದ ಒಂದು ಪ್ರೋಟೀನನ್ನು ಗುರುತಿಸಿದರು. ಭ್ರೂಣದ ಯಕೃತ್ತು ಮತ್ತು ಯೋಕ್ ಸ್ಯಾಕ್ ಎಂಬ ಭಂಡಾರಚೀಲ ಅದನ್ನು ಹೇರಳವಾಗಿ ತಯಾರಿಸುತ್ತವೆ, ಭ್ರೂಣದ ಜಠರ, ಕರುಳು ಕೂಡ ಅಲ್ಪಸ್ವಲ್ಪ. ಹುಟ್ಟಿದ ಮಗುವಿನಲ್ಲಿ ಅದು ಹತ್ತಾರು ಸಾವಿರದ ಲೆಕ್ಕದಲ್ಲಿರುತ್ತದೆ. ತೊಟ್ಟಿಲಲ್ಲಿ ಮಲಗಿ ಕೈಕಾಲು ಆಡಿಸುತ್ತಿರುವಾಗಲೇ ಇಳಿಯುತ್ತ ಹೋಗಿ, ಮಗು ಹೆಜ್ಜೆ ಇಡುವ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬಂದಿರುತ್ತದೆ. ಆಮೇಲೆ ಆ ಜೀನ್ ಬಾಗಿಲು ಹಾಕಿಕೊಂಡು ಕೂರುತ್ತದೆ.

ಆ ಬಾಗಿಲು ಮತ್ತೆ ತೆರೆಯಬಲ್ಲದು ಎಂದು ತೋರಿಸಿದ್ದು ಮಾಸ್ಕೋದ ಗಮಲೇಯ ಸಂಸ್ಥೆಯಲ್ಲಿದ್ದ ಗಾರಿ ಅಬೆಲೆವ್. ಅವರು ಕೆಲಸ ಮಾಡುತ್ತಿದ್ದ ವಿಭಾಗದ ಮುಖ್ಯಸ್ಥರು ಲೆವ್ ಜಿಲ್ಬರ್. ಸ್ಟಾಲಿನ್ ಕಾಲದಲ್ಲಿ ಮತ್ತೆ ಮತ್ತೆ ಬಂಧನಕ್ಕೊಳಗಾಗಿ, ಸೆರೆಶಿಬಿರದಲ್ಲಿದ್ದಾಗಲೂ ಸಹಕೈದಿಗಳಿಗೆ ತಂಬಾಕು ಕೊಟ್ಟು ಇಲಿ ಹಿಡಿಸಿ ಕ್ಯಾನ್ಸರ್ ಸಂಶೋಧನೆ ಮುಂದುವರಿಸಿದ ಮನುಷ್ಯ. ಅಂಥವರ ನೆರಳಿನಲ್ಲಿ ಬೆಳೆದ ಅಬೆಲೆವ್ ತಂಡ 1963ರಲ್ಲಿ ಒಂದು ವಿಷಯ ಪ್ರಕಟಿಸಿತು: ಯಕೃತ್ತಿನ ಗಡ್ಡೆಯಿರುವ ಇಲಿಯ ರಕ್ತದಲ್ಲಿ, ಭ್ರೂಣದಲ್ಲಿ ಮಾತ್ರ ಇರಬೇಕಾದ ಪ್ರೋಟೀನ್ ಇದೆ. ಮರುವರ್ಷವೇ, 1964ರಲ್ಲಿ, ವೋಲ್ಗಾ ನದಿ ಸಮುದ್ರ ಸೇರುವೆಡೆಯ ಆಸ್ಟ್ರಖಾನ್ ಪಟ್ಟಣದಲ್ಲಿ ಯೂರಿ ತಾತಾರಿನೋವ್ ಅದನ್ನೇ ಯಕೃತ್ತಿನ ಕ್ಯಾನ್ಸರ್ ಇದ್ದ ಮನುಷ್ಯರ ರಕ್ತದಲ್ಲಿ ಕಂಡರು. ರಕ್ತದ ಒಂದು ಹನಿಯಲ್ಲಿ ಕ್ಯಾನ್ಸರ್‌ನ ಸುಳಿವು ಸಿಕ್ಕಿದ್ದು ಆ ಕಾಲಕ್ಕೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಇವತ್ತು ಊಹಿಸುವುದು ಕಷ್ಟ.

ಎಎಫ್‌ಪಿ ಎಂದರೆ ಯಕೃತ್ತಿನ ಕ್ಯಾನ್ಸರ್ ಎಂಬ ನಂಬಿಕೆ ಬೇರೂರಿತು. ಬೇರೂರುವಾಗಲೇ ಅಪವಾದಗಳೂ ಬಂದವು. ವೃಷಣ ಮತ್ತು ಅಂಡಾಶಯದ ಕೆಲವು ಗಡ್ಡೆಗಳಲ್ಲೂ ಅದು ಏರುತ್ತದೆ ಎಂದು ಅಬೆಲೆವ್ ಅವರೇ 1967ರಲ್ಲಿ ತೋರಿಸಿದರು. 1970ರಲ್ಲಿ ಫ್ರಾನ್ಸಿನ ಬೂರೇಯ್ ಮತ್ತು ಸಂಗಡಿಗರು ಒಂದು ವರದಿ ಬರೆದರು. ರೋಗಿಯ ಯಕೃತ್ತಿನಲ್ಲಿ ಗಡ್ಡೆ, ರಕ್ತದಲ್ಲಿ ಎಎಫ್‌ಪಿ. ಆದರೆ ಕ್ಯಾನ್ಸರ್ ಹುಟ್ಟಿದ್ದು ಜಠರದಲ್ಲಿ, ಯಕೃತ್ತಿಗೆ ಬಂದದ್ದು ಆಮೇಲೆ. ನನ್ನ ಅಡಿಕೆ ಬೆಳೆಗಾರರ ಕಥೆಯೇ ಅದು, ಅರ್ಧ ಶತಮಾನದ ಹಿಂದೆಯೇ ಅಚ್ಚಾಗಿತ್ತು. 1985ರಲ್ಲಿ ಜಪಾನಿನ ಇಶಿಕುರ ಮತ್ತು ಸಹೋದ್ಯೋಗಿಗಳು ಇಂಥ ಜಠರದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಕೆಲವು ಭಾಗ ಥೇಟ್ ಯಕೃತ್ತಿನ ಹಾಗೆ ಇದೆಯೆಂದು ಬರೆದರು. ಮರುವರ್ಷ ಅಂಥ ಏಳು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಅದನ್ನೊಂದು ಪ್ರತ್ಯೇಕ ಬಗೆಯೆಂದು ಸ್ಥಾಪಿಸಿದರು. ಹೆಪಟಾಯ್ಡ್ ಅಡಿನೋಕಾರ್ಸಿನೋಮ ಎಂದು ಅದರ ಹೆಸರು. ಯಕೃತ್ತನ್ನು ಹೋಲುವ ಗ್ರಂಥಿ ಕ್ಯಾನ್ಸರ್ ಎಂದು ಅರ್ಥ. ಜಠರದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಲ್ಲೂ ಇದಕ್ಕೆ ತನ್ನದೇ ಜಾಗವಿದೆ.

ಜಠರದಲ್ಲಿ ಹುಟ್ಟಿದ್ದಕ್ಕೆ ಯಕೃತ್ತಿನ ಮುಖ ಎಲ್ಲಿಂದ ಬಂತು? ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಸಮಯ ಮೀರಿದರೂ ದಯವಿಟ್ಟು ಕೇಳಿ.

ತಾಯಿಯ ಗರ್ಭದಲ್ಲಿ ಮೂರು ವಾರದ ಭ್ರೂಣಕ್ಕೆ ಯಕೃತ್ತೂ ಇಲ್ಲ, ಜಠರವೂ ಇಲ್ಲ. ಎಂಡೋಡರ್ಮ್ ಎಂಬ ಒಳಪದರ ಸುರುಳಿಗೊಂಡು ಒಂದು ಸರಳ ಕೊಳವೆಯಾಗುತ್ತದೆ. ಆ ಕೊಳವೆಯ ಮುಂದಿನ ಭಾಗದಿಂದ ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ತುಂಡು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಇಷ್ಟೂ ಬರುತ್ತವೆ. ಒಂದೇ ತಾಯಿಯ ಮಕ್ಕಳು. ನಾಲ್ಕನೆಯ ವಾರದಲ್ಲಿ ಕೊಳವೆಯ ಹೊಟ್ಟೆಯ ಕಡೆಯ ಗೋಡೆಯಿಂದ ಒಂದು ಮೊಗ್ಗು ಹೊರಚಾಚುತ್ತದೆ. ಅದೇ ಮುಂದೆ ಒಂದೂವರೆ ಕಿಲೋ ತೂಗುವ ಯಕೃತ್ತು. ಪಕ್ಕದಲ್ಲೇ ಇರುವ, ಅದೇ ಪದರದ ಇನ್ನೊಂದು ಭಾಗ ಜಠರವಾಗುತ್ತದೆ. ಯಾರು ಯಾವುದಾಗಬೇಕೆಂದು ನಿರ್ಧರಿಸುವುದು ನೆರೆಹೊರೆ. ಫ್ರಾನ್ಸಿನ ನಿಕೋಲ್ ಲ ದುಆರ‍್ಯಾಂ ಕೋಳಿಯ ಭ್ರೂಣದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಆಗಷ್ಟೆ ರೂಪುಗೊಳ್ಳುತ್ತಿರುವ ಹೃದಯದ ಅಂಗಾಂಶ ಪಕ್ಕದಲ್ಲಿದ್ದರೆ ಮಾತ್ರ ಈ ಪದರ ಯಕೃತ್ತಾಗುವ ದಾರಿ ಹಿಡಿಯುತ್ತದೆ ಎಂದು ತೋರಿಸಿದರು. ಹೃದಯ ತನ್ನ ಮೊದಲ ಬಡಿತಗಳ ಕಾಲದಲ್ಲಿ ನೆರೆಯ ಕೋಶಗಳಿಗೆ ‘ನೀವು ಯಕೃತ್ತಾಗಿ’ ಎಂದು ರಾಸಾಯನಿಕ ಸಂದೇಶ ಕಳಿಸುತ್ತದೆ. ಆ ಸಂದೇಶ ತಲುಪಿದವರು ಯಕೃತ್ತು, ತಲುಪದವರು ಬೇರೆ. ಈ ಸಂಗತಿಯನ್ನು ಮೊದಲ ಬಾರಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ದೇಹದ ಅಂಗಗಳ ನಡುವಿನ ಗಡಿ ಇಷ್ಟು ತೆಳುವೇ ಎನ್ನಿಸಿತ್ತು.

ಜಠರದ ಪ್ರತಿ ಕೋಶದ ಒಳಗೂ ಯಕೃತ್ತಾಗುವ ವಿದ್ಯೆ ಬರೆದಿಟ್ಟ ಪುಟಗಳು ಹಾಗೇ ಇವೆ. ಬೆಳೆದ ಮೇಲೆ ಅವನ್ನು ಮಡಚಿ ಮುದ್ರೆ ಹಾಕಲಾಗಿದೆ, ಅಷ್ಟೆ. ಕ್ಯಾನ್ಸರ್ ಎಂದರೆ ಜೀನುಗಳ ಶಿಸ್ತು ಕೆಡುವುದು. ಶಿಸ್ತು ಕೆಟ್ಟಾಗ ಕೆಲವೊಮ್ಮೆ ಆ ಮುದ್ರೆ ಒಡೆಯುತ್ತದೆ. ಕೋಶ ತನ್ನ ಭ್ರೂಣಕಾಲದ ಪಾಠವನ್ನು ಮತ್ತೆ ಓದತೊಡಗುತ್ತದೆ. ಎಎಫ್‌ಪಿ ತಯಾರಿಸುತ್ತದೆ, ಆಲ್ಬುಮಿನ್ ತಯಾರಿಸುತ್ತದೆ, ಕೆಲವೊಮ್ಮೆ ಪಿತ್ತರಸವನ್ನೂ. ಜಠರದ ಗೋಡೆಯೊಳಗೆ ಪಿತ್ತ ತಯಾರಾಗುವುದನ್ನು ಸ್ಲೈಡಿನಲ್ಲಿ ಹಸಿರು ಚುಕ್ಕೆಯಾಗಿ ಕಂಡವರು ಅದನ್ನು ಮರೆಯಲಾರರು. ಭ್ರೂಣದಲ್ಲಿ ಚುರುಕಾಗಿದ್ದು ಆಮೇಲೆ ಮಲಗುವ ಸಾಲ್-4 ಎಂಬ ಜೀನ್ ಕೂಡ ಇಂಥ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಎಚ್ಚೆತ್ತಿರುತ್ತದೆ. ನನ್ನ ಬೆಳೆಗಾರರ ವಿಷಯದಲ್ಲಿ ಸತ್ಯ ತಿಳಿಸಿದ್ದು ಅದೇ.

ಅಲ್ಲಿಗೆ ಬರುತ್ತೇನೆ. ವರದಿ ಹೋಗಿ ಒಂದು ವಾರದ ಮೇಲೆ, ಅವರ ವಾರ್ಡಿನಲ್ಲಿದ್ದ ಪಿಜಿ ವಿದ್ಯಾರ್ಥಿನಿಯೊಬ್ಬಳು ನನ್ನ ಕೋಣೆಗೆ ಬಂದಳು. ‘ಮೇಡಂ, ಇವರ ಹಿಮೋಗ್ಲೋಬಿನ್ ಏಳು. ಯಕೃತ್ತಿನ ಗಡ್ಡೆ ಒಡೆದಿಲ್ಲ. ರಕ್ತ ಎಲ್ಲಿಗೆ ಹೋಯ್ತು?’ ಎಂದಳು. ರೋಗಿಯನ್ನು ಕೇಳಿದಾಗ ನಾಲ್ಕು ತಿಂಗಳಿಂದ ಮಲ ಕಪ್ಪಗೆ ಹೋಗುತ್ತಿದೆ ಎಂದರಂತೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರಿಂದ ಅದರ ಬಣ್ಣವಿರಬೇಕೆಂದು ಸುಮ್ಮನಿದ್ದರು. ಅದಕ್ಕೂ ಮೊದಲು ಒಂದು ವರ್ಷ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿದ್ದರು. ಎಂಡೋಸ್ಕೋಪಿ ಮಾಡಿದರು. ಜಠರದ ಕೆಳತುದಿಯಲ್ಲಿ, ಕರುಳಿಗೆ ತೆರೆದುಕೊಳ್ಳುವ ಕಡೆ, ಅಂಚು ಎದ್ದ ಹುಣ್ಣು.

ಹುಣ್ಣಿನ ಚೂರು ನನ್ನ ಬಳಿಗೆ ಬಂತು. ಅದರಲ್ಲಿ ಜಠರದ ಮಾಮೂಲಿ ಗ್ರಂಥಿ ಕ್ಯಾನ್ಸರ್ ಇತ್ತು, ಯಕೃತ್ತಿನ ಛಾಯೆ ಎಳ್ಳಷ್ಟೂ ಇರಲಿಲ್ಲ. ಹಾಗಾದರೆ ಒಬ್ಬರ ಮೈಯಲ್ಲಿ ಎರಡು ಕ್ಯಾನ್ಸರೇ? ಇಲ್ಲಿ ಈ ಕಾಯಿಲೆಯ ಇನ್ನೊಂದು ಗುಣ ಹೇಳಬೇಕು. ಮೇಲ್ಪದರದಲ್ಲಿ ಇದು ಬಹುತೇಕ ಸಾಧಾರಣ ಗ್ರಂಥಿಯ ರೂಪದಲ್ಲೇ ಇರುತ್ತದೆ. ಗೋಡೆಯ ಆಳಕ್ಕೆ ಇಳಿಯುತ್ತ ಇಳಿಯುತ್ತ ಯಕೃತ್ತಿನ ರೂಪ ತಾಳುತ್ತದೆ. ಎಂಡೋಸ್ಕೋಪಿಯ ಚಿಮುಟಕ್ಕೆ ಎಟುಕುವುದು ಮೇಲ್ಪದರ ಮಾತ್ರ. ಯಕೃತ್ತಿಗೆ ಹೋಗಿ ಬೇರುಬಿಡುವುದು ಆಳದಲ್ಲಿ ರೂಪ ಬದಲಿಸಿದ ಕೋಶಗಳು. ಅದರಲ್ಲೂ ಅಭಿಧಮನಿಗಳೊಳಗೆ ನುಗ್ಗುವುದರಲ್ಲಿ ಅವು ಬಲು ನಿಸ್ಸೀಮ. ಹೀಗೆ ಜಠರದ ಚೂರು ಒಂದು ಮಾತು ಹೇಳುತ್ತದೆ, ಯಕೃತ್ತಿನ ಚೂರು ಇನ್ನೊಂದು. ಎರಡೂ ನಿಜ.

ನಾನು ಮೊದಲಿನ ಮೇಣದ ಅಚ್ಚನ್ನು ಮತ್ತೆ ತೆಗೆಸಿ ಹೊಸದಾಗಿ ಕೊಯ್ಸಿದೆ. ಈ ಸಲ ಹೆಪ್‌ಪಾರ್-1 ಒಂದನ್ನೇ ನಂಬಲಿಲ್ಲ. ಅದು ಈ ಗಡ್ಡೆಯಲ್ಲೂ ಹತ್ತುತ್ತದೆ, ಗ್ಲಿಪಿಕನ್-3 ಎಂಬ ಇನ್ನೊಂದು ಬಣ್ಣವೂ ಹತ್ತುತ್ತದೆ. ಅವು ವೇಷವನ್ನು ಮಾತ್ರ ನೋಡುತ್ತವೆ. ಸಾಲ್-4 ಹಾಕಿಸಿದೆ, ಕರುಳಿನ ಗುರುತಾದ ಸಿಡಿಎಕ್ಸ್-2 ಮತ್ತು ಸೈಟೋಕೆರಟಿನ್-19 ಹಾಕಿಸಿದೆ. ಯಕೃತ್ತಿನ ಸ್ವಂತ ಕ್ಯಾನ್ಸರ್‌ನಲ್ಲಿ ಇವು ಸಾಮಾನ್ಯವಾಗಿ ಹತ್ತುವುದಿಲ್ಲ. ಮರುದಿನ ಸ್ಲೈಡ್ ಬಂದಾಗ ಕೋಶಕೇಂದ್ರಗಳೆಲ್ಲ ಸಾಲ್-4ರಿಂದ ಕಂದಾಗಿದ್ದವು. ಚೂರಿನ ಒಂದು ಮೂಲೆಯಲ್ಲಿ, ಮೊದಲ ಸಲವೂ ಅಲ್ಲೇ ಇದ್ದ, ನಾಲ್ಕಾರು ಕೋಶಗಳು ಸೇರಿ ಕಟ್ಟಿದ ಪುಟ್ಟ ಗ್ರಂಥಿಯ ಉಂಗುರವನ್ನು ಆಗ ನೋಡಿದೆ. ಅದು ನನ್ನ ಕಣ್ಣಿಗೆ ಬೀಳುವಂತೆಯೇ ಇತ್ತು. ಉತ್ತರ ಗೊತ್ತಿದೆಯೆಂದುಕೊಂಡ ಕಣ್ಣು ಅಲ್ಲಿಗೆ ಹೋಗಿರಲಿಲ್ಲ.

ಜೀರ್ಣಾಂಗಗಳಲ್ಲಿ ಈ ವೇಷ ಹಾಕುವುದು ಜಠರವೊಂದೇ ಅಲ್ಲ. ಹೆಚ್ಚಿನವು ಜಠರದಲ್ಲಿ ಹುಟ್ಟುತ್ತವೆ. ಪಿತ್ತಕೋಶ, ಮೇದೋಜೀರಕ, ದೊಡ್ಡಕರುಳಿನಲ್ಲಿ ಹುಟ್ಟಿದವೂ ವರದಿಯಾಗಿವೆ. ಜೀರ್ಣಾಂಗದ ಹೊರಗೆ, ಶ್ವಾಸಕೋಶದಲ್ಲೂ ಅಂಡಾಶಯದಲ್ಲೂ ಉಂಟು. ಕರುಳಿನ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಯಕೃತ್ತಿಗೆ ಹರಡಿದಾಗ ಸ್ಕ್ಯಾನಿನಲ್ಲಿ ಅದೇ ಬೆಳಕು ಬೀರುತ್ತವೆ. ಆದರೆ ಅವು ಸೂಕ್ಷ್ಮದರ್ಶಕದ ಕೆಳಗೆ ತಾವು ಯಾರೆಂದು ಬೇಗ ಹೇಳಿಬಿಡುತ್ತವೆ.

ಹೇಗಿದ್ದರೂ ಕ್ಯಾನ್ಸರ್ ತಾನೆ, ಊರು ತಿಳಿದು ಮಾಡುವುದೇನು ಎಂದು ನೀವು ಕೇಳಬಹುದು. ಔಷಧ ಕೊಡುವುದು ಊರಿನ ಮೇಲೆ. ಯಕೃತ್ತಿನ ಕ್ಯಾನ್ಸರ್‌ಗೆ ಹಳೆಯ ಕೀಮೋಥೆರಪಿ ಅಷ್ಟಾಗಿ ನಾಟುವುದಿಲ್ಲ. 2007ರಿಂದ ಬಳಕೆಗೆ ಬಂದ ಸೊರಾಫೆನಿಬ್ ಮತ್ತು ಆಮೇಲೆ ಬಂದ ಇಮ್ಯುನೋಥೆರಪಿಯ ಜೋಡಿಗಳು ಅಲ್ಲಿನ ದಾರಿ. ಜಠರದ ಕ್ಯಾನ್ಸರ್‌ಗೆ ಪ್ಲಾಟಿನಂ ಮತ್ತು ಫ್ಲೋರೋಪಿರಿಮಿಡಿನ್ ಔಷಧಗಳು. ಗಡ್ಡೆಯ ಮೇಲೆ ಹರ್-2 ಎಂಬ ಪ್ರೋಟೀನ್ ಹೆಚ್ಚಿದ್ದರೆ ಟ್ರಾಸ್ಟುಜುಮಾಬ್ ಕೂಡ ಸೇರುತ್ತದೆ. ಅದು ಜಠರದ ಕ್ಯಾನ್ಸರ್‌ನಲ್ಲಿ ಆಯುಸ್ಸು ಹೆಚ್ಚಿಸುತ್ತದೆಂದು 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನ ತೋರಿಸಿತು. ಎಎಫ್‌ಪಿ ಸುರಿಸುವ ಜಠರದ ಗಡ್ಡೆಗಳಲ್ಲಿ ಹರ್-2 ಇರುವಂಥವು ಸಾಕಷ್ಟು ಸಿಗುತ್ತವೆ. ಅದನ್ನು ಪರೀಕ್ಷಿಸಬೇಕೆಂದು ಹೊಳೆಯಬೇಕಾದರೆ ಮೊದಲು ಜಠರದ ಹೆಸರು ವರದಿಯಲ್ಲಿರಬೇಕು. ಇನ್ನೂ ಭಯಾನಕವಾದದ್ದು, ಯಕೃತ್ತಿನದೇ ಸಣ್ಣ ಕ್ಯಾನ್ಸರ್ ಎಂದು ನಂಬಿ ಯಕೃತ್ತನ್ನೇ ಬದಲಿಸಿದರೆ, ಜಠರದ ಗಡ್ಡೆ ಒಳಗೆ ಉಳಿದೇ ಇರುತ್ತದೆ, ಹೊಸ ಯಕೃತ್ತು ಉಳಿಯಲೆಂದು ಕೊಡುವ ಔಷಧ ದೇಹದ ಕಾವಲನ್ನೂ ಕುಗ್ಗಿಸಿರುತ್ತದೆ.

ಪ್ರಯೋಗಾಲಯದಲ್ಲಿ ಕೂತವಳಾಗಿ ಒಂದು ಮಾತು ಹೇಳದೆ ಹೋಗಲಾರೆ. ನಾನು ಹೇಳಿದ ಒಂದೊಂದು ವಿಶೇಷ ಬಣ್ಣಕ್ಕೂ ದುಡ್ಡು ಬೀಳುತ್ತದೆ. ಎಷ್ಟೋ ಕಡೆ ರೋಗಿಯೇ ಅದನ್ನು ಕಟ್ಟಬೇಕು. ಹಾಗಾಗಿ ಒಂದೆರಡರಲ್ಲೇ ಮುಗಿಸುವ ಒತ್ತಡ ಇದ್ದೇ ಇರುತ್ತದೆ. ಆದರೆ ಬಣ್ಣಕ್ಕಿಂತ ಅಗ್ಗವಾದ, ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಯಕೃತ್ತು ಗಂಟುಗಟ್ಟಿದೆಯೇ? ವೈರಸ್ ಇದೆಯೇ? ಎರಡೂ ಇಲ್ಲದೆ ಎಎಫ್‌ಪಿ ಏಕೆ ಏರಿತು? ರಕ್ತ ಏಕೆ ಇಳಿಯಿತು? ಜಠರದೊಳಗೆ ಯಾರಾದರೂ ಇಣುಕಿದ್ದಾರೆಯೇ? ಗಂಡಸರಿಗಾಗಲಿ, ಮುಟ್ಟು ನಿಂತ ಹೆಂಗಸರಿಗಾಗಲಿ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ಹಸಿವು ಹೋಗಿ ಮೈ ಇಳಿದರೆ, ಅದು ಮಾತ್ರೆ ನುಂಗಿ ಕಾಯುವ ಗ್ಯಾಸ್ಟ್ರಿಕ್ ಅಲ್ಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಆ ಮಾತ್ರೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಅಲ್ಲೇ ಉಳಿದಿರುತ್ತದೆ. ಎಂಡೋಸ್ಕೋಪಿ ಹತ್ತು ಹದಿನೈದು ನಿಮಿಷದ ಪರೀಕ್ಷೆ. ದಯವಿಟ್ಟು ಹೆದರಿ ಮುಂದೂಡಬೇಡಿ.

ನಾನು ವರದಿಯನ್ನು ತಿದ್ದಿ ಬರೆದೆ. ತಿದ್ದಿದ್ದೇನೆ, ಮೊದಲಿನದು ತಪ್ಪು ಎಂದು ಅದರಲ್ಲೇ ನಮೂದಿಸಿದೆ. ಔಷಧ ಬದಲಾಯಿತು. ಮೂರು ತಿಂಗಳಲ್ಲಿ ಎಎಫ್‌ಪಿ ಎಂಟು ಸಾವಿರದಿಂದ ಆರುನೂರಕ್ಕೆ ಇಳಿಯಿತು. ಅವರು ಮತ್ತೆ ಊಟ ಮಾಡಿದರು, ಒಂದು ಕೊನೆಕೊಯ್ಲಿಗೆ ತೋಟದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರಂತೆ. ಈ ಕಾಯಿಲೆ ಯಕೃತ್ತಿಗೆ ಹರಡಿದ ಮೇಲೆ ಯಾರಿಗೂ ಹೆಚ್ಚು ಕಾಲ ಕೊಡುವುದಿಲ್ಲ. ಅವರಿಗೆ ಕೊಟ್ಟದ್ದು ಹದಿನಾಲ್ಕು ತಿಂಗಳು. ಮೊದಲ ವಾರ ನನ್ನಿಂದ ಹೋಯಿತು ಎಂಬುದನ್ನು ನಾನು ಲೆಕ್ಕದಿಂದ ತೆಗೆದಿಲ್ಲ.

ಅವರ ಹೆಂಡತಿ ನನ್ನನ್ನು ನೋಡಲು ಬಂದದ್ದು ತಿದ್ದಿದ ವರದಿ ಕೊಟ್ಟ ಮೂರನೆಯ ದಿನ. ಪೆಥಾಲಜಿ ವಿಭಾಗ ಎಲ್ಲಿದೆಯೆಂದು ಕೇಳಿಕೊಂಡು, ನೆಲಮಾಳಿಗೆಗೆ ಇಳಿದು, ಬಾಗಿಲಲ್ಲಿ ನಿಂತರು. ಕೋಪದಿಂದ ಬಂದಿದ್ದಾರೆ ಅಂದುಕೊಂಡು ಎದ್ದು ನಿಂತೆ.

‘ಮೇಡಂ, ಹಂಗಾದ್ರೆ ಇವ್ರಿಗೆ ಆಗಿರೋದು ಲಿವರ್ ಕ್ಯಾನ್ಸರ್ ಅಲ್ವಾ?’

ಅಲ್ಲ ಎಂದೆ. ಶುರುವಾದದ್ದು ಜಠರದಲ್ಲಿ, ಅಲ್ಲಿಂದ ಲಿವರ್‌ಗೆ ಬಂದಿದೆ ಎಂದೆ. ಅವರು ಕುರ್ಚಿಯ ಮೇಲೆ ಕೂತು ಅಳತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: ‘ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಊರಲ್ಲೆಲ್ಲ ಒಂದೇ ಮಾತು. ಕದ್ದು ಕುಡೀತಿದ್ರು ಅಂತ. ಇವ್ರ ಅಣ್ಣಾನೇ ಅಂದ್ರು. ಜೀವ್ಮಾನದಲ್ಲಿ ಒಂದು ತೊಟ್ಟು ಮುಟ್ಟಿಲ್ಲ ಇವ್ರು. ಮಗಳು ಕೂಡ ನನ್ನನ್ನ ಕೇಳಿದ್ಲು, ಅಪ್ಪ ನಿಜವಾಗ್ಲೂ ಕುಡೀತಿದ್ರಾ ಅಮ್ಮ ಅಂತ.’

ಕುಡಿಯದವರಿಗೂ ಯಕೃತ್ತಿನ ಕ್ಯಾನ್ಸರ್ ಬರುತ್ತದೆ, ವೈರಸ್ಸಿನಿಂದ ಬರುತ್ತದೆ, ಕೊಬ್ಬಿನಿಂದ ಬರುತ್ತದೆ ಎಂದೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಆ ತಾಯಿಗೆ ಆಗ ಬೇಕಾಗಿದ್ದದ್ದು ಅದಾಗಿರಲಿಲ್ಲ. ವರದಿ ಇಂಗ್ಲಿಷಿನಲ್ಲಿದೆ, ಮನೆಯವರಿಗೆ ತೋರಿಸಲು ಕನ್ನಡದಲ್ಲಿ ಬರೆದು ಕೊಡುತ್ತೀರಾ ಎಂದು ಕೇಳಿದರು. ನನ್ನ ಲೆಟರ್‌ಹೆಡ್ಡಿನ ಮೇಲೆ ಬರೆದೆ: ‘ಇವರಿಗೆ ಇರುವುದು ಜಠರದಲ್ಲಿ ಹುಟ್ಟಿ, ಲಿವರ್‌ಗೆ ಹರಡಿದ ಕ್ಯಾನ್ಸರ್.’ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಸಹಿಯ ಮೇಲೆ ಉಳಿದಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು.

‘ಕುಡಿತದಿಂದ ಬಂದಿದ್ದಲ್ಲ ಅಂತ ಇಲ್ಲೊಂದು ಸಾಲು ಸೇರ್ಸಿ ಮೇಡಂ.’

ಸೇರಿಸಿದೆ. ಕೆಳಗೆ ಮೊಹರು ಹಾಕಿ ಕೊಟ್ಟೆ.